ಗೋಲ್ ಕಂಬ ಹೊತ್ತು ಹೊಳೆಗೆ ಹೋದವರು

2024ರ ಅಕ್ಟೋಬರ್ 5, ಶನಿವಾರ ಸಂಜೆ. ಡಲ್ಲಾಸ್‌ನ ನಮ್ಮ ಮನೆಯಲ್ಲಿ ಸೋಫಾ ಮೇಲೆ ಕೂತು ನಾನು ಅಳುತ್ತಿದ್ದೆ. ಹೆಂಡತಿ ಒಲೆ ಸಣ್ಣ ಮಾಡಿ ಓಡಿ ಬಂದಳು. ಟಿವಿ ನೋಡಿ, ಇಷ್ಟೇನಾ ಅಂತ ವಾಪಸ್ ಹೋದಳು. ವಾಂಡರ್‌ಬಿಲ್ಟ್ 40, ಅಲಬಾಮಾ 35.

ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ತಂಡಗಳಲ್ಲಿ ಅಲಬಾಮಾ ಆ ವಾರ ದೇಶಕ್ಕೇ ನಂಬರ್ ಒನ್. ನಾನು ಓದಿದ ವಾಂಡರ್‌ಬಿಲ್ಟ್‌ನದು ಹಿಂದಿನ ವರ್ಷ 12 ಪಂದ್ಯದಲ್ಲಿ 10 ಸೋತ ತಂಡ. ಅಲಬಾಮಾವನ್ನು ಹಿಂದೆ ಸೋಲಿಸಿದ್ದು 1984ರಲ್ಲಿ. ಕೋಚ್ ಕ್ಲಾರ್ಕ್ ಲೀ ಅದೇ ಕಾಲೇಜಿನ ಹಳೇ ಆಟಗಾರ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವವನು, ಡಿಯಾಗೋ ಪಾವಿಯಾ, ಹೈಸ್ಕೂಲ್ ಮುಗಿಸಿದಾಗ ದೊಡ್ಡ ಕಾಲೇಜುಗಳು ತಿರುಗಿಯೂ ನೋಡದ ಹುಡುಗ.

ವಾಂಡರ್‌ಬಿಲ್ಟ್ ಇರುವ ನ್ಯಾಶ್‌ವಿಲ್‌ನಲ್ಲಿ ನಾನು ಓದಿದ್ದು ಎರಡೇ ವರ್ಷ. ಸ್ಟೇಡಿಯಂಗೆ ಹೋಗುತ್ತಿದ್ದದ್ದು ಸುಮ್ನೆ, ಹೊತ್ತು ಹೋಗಲಿ ಅಂತ. ಎಷ್ಟೋ ಪಂದ್ಯಕ್ಕೆ ಎದುರಾಳಿಯ ಬಣ್ಣ ತೊಟ್ಟವರೇ ಜಾಸ್ತಿ. ನಮ್ಮ ಮನೆ ಮದುವೆಯಲ್ಲಿ ನಮಗೇ ಕೊನೇ ಪಂಕ್ತಿ! ಆದರೆ ಒಬ್ಬ ಅಜ್ಜ ಇದ್ದರು, ಹಳೇ ವಿದ್ಯಾರ್ಥಿ, ಮಾಸಿದ ಕಪ್ಪು ಟೋಪಿ. ಸೋಲು ಖಾತ್ರಿಯಾದ ಮೇಲೂ ಕೊನೇ ಕ್ಷಣದವರೆಗೂ ಏಳುತ್ತಿರಲಿಲ್ಲ. ಆಮೇಲೆ ಕಾಫಿ ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, ಮುಂದಿನ ವಾರ ಸಿಗೋಣ ಅನ್ನುತ್ತಿದ್ದರು. ಹುಚ್ಚು ಅಂದುಕೊಂಡಿದ್ದೆ. ಅದು ನನಗೂ ಅಂಟಿದ್ದು ಗೊತ್ತೇ ಆಗಲಿಲ್ಲ.

ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ್ದು ನಾಲ್ಕು ವರ್ಷ. ಕಾಲೇಜಿಗೆ ಕ್ರಿಕೆಟ್ ಟೀಮ್ ಇತ್ತು, ಒಂದು ಪಂದ್ಯವನ್ನೂ ನೋಡಲಿಲ್ಲ. ಪಾಸಾದ ಮೇಲೆ ಎರಡು ಸಲ ಹೋಗಿದ್ದೇನೆ, ಎರಡೂ ಸಲ ಟ್ರಾನ್ಸ್‌ಕ್ರಿಪ್ಟ್‌ಗೆ. "ಊಟದ ಟೈಮು, ಮೂರಕ್ಕೆ ಬನ್ನಿ" ಅಂದರು ಆಫೀಸಿನವರು. ನಮಗೆ ಸೋಲುವವರನ್ನು ಪ್ರೀತಿಸೋದು ಬರಲ್ಲ ಅಂತಲ್ಲ. ಆರ್‌ಸಿಬಿಗೆ ವರ್ಷಗಟ್ಟಲೆ ಕಾದವರು ನಾವೇ ಅಲ್ವಾ? ಕಾಲೇಜಿನ ವಿಷಯಕ್ಕೆ ಬಂದರೆ ಮಾತ್ರ ರ್‍ಯಾಂಕ್, ಪ್ಲೇಸ್‌ಮೆಂಟ್ ಇಷ್ಟೇ ಲೆಕ್ಕ. ಒಟ್ಟಿಗೆ ಕೂತು ಸೋಲೋಕೆ ಒಂದು ಜಾಗ ಅಲ್ಲಿ ಯಾರೂ ಇಟ್ಟಿಲ್ಲ.

ಇಲ್ಲಿನದೆಲ್ಲ ಚೆನ್ನ ಅಂತ ನಾನು ಹೇಳಲಾರೆ. ಫುಟ್‌ಬಾಲ್ ಕೋಚ್ ಸಂಬಳದ ಮುಂದೆ ಪ್ರೊಫೆಸರ್ ಸಂಬಳ ಚಿಲ್ಲರೆ. ಅವತ್ತು ಜನ ಮೈದಾನಕ್ಕೆ ನುಗ್ಗಿದ್ದಕ್ಕೆ ಕಾಲೇಜಿಗೆ 1 ಲಕ್ಷ ಡಾಲರ್ ದಂಡವೂ ಬಿತ್ತು. ನುಗ್ಗಿದವರು ಗೋಲ್ ಕಂಬ ಕಿತ್ತು ಹೆಗಲ ಮೇಲೆ ಹೊತ್ತರು. ಬ್ರಾಡ್‌ವೇ ಬೀದಿಯುದ್ದಕ್ಕೂ ಕುಣಿದುಕೊಂಡು, ಗಣಪತಿ ಬಿಡೋಕೆ ಹೋದ ಹಾಗೆ, ಕಂಬರ್ಲೆಂಡ್ ಹೊಳೆಗೆ ಹಾಕಿದರು. ಆಮೇಲೆ ಕಾಲೇಜು ಕಂಬದ ತುಂಡುಗಳನ್ನು ಮಾರಾಟಕ್ಕಿಟ್ಟಿತು. ವ್ಯಾಪಾರ ಬಿಡೋ ಪೈಕಿಯೇ ಅಲ್ಲ.

ಆ ಮೆರವಣಿಗೆ ನೋಡುತ್ತಿರುವಾಗಲೇ ಅಮ್ಮನ ವಿಡಿಯೋ ಕಾಲ್. ಅಲ್ಲಿ ಭಾನುವಾರ ಬೆಳಗಿನ ಜಾವ, ನವರಾತ್ರಿ. ಹಿಂದುಗಡೆ ಬೊಂಬೆ ಸಾಲು ಕಾಣುತ್ತಿತ್ತು.

"ಯಾಕೋ, ಕಣ್ಣು ಕೆಂಪಾಗಿದೆ?"

"ನಮ್ಮ ಕಾಲೇಜು ಗೆದ್ದಿತಮ್ಮ."

"ಯಾವ್ದು, ಮೈಸೂರಿಂದಾ?"

"ಅಲ್ಲಮ್ಮ, ಇಲ್ಲಿಂದು."

ಅಮ್ಮ ಒಂದು ಗಳಿಗೆ ನನ್ನನ್ನೇ ನೋಡಿದರು. "ಎರಡು ವರ್ಷ ಓದಿದ್ದಕ್ಕೇ ಇಷ್ಟೊಂದಾ?"