ಹ್ಯಾವ್‌ಲಾಕ್‌ಗೆ ಹೋಗೋದಾದರೆ ಮೊದಲು ಬೋಟು, ಆಮೇಲೆ ರೂಮು

"ಹೋಗಿ ನೋಡ್ಕೊಂಡ್ರಾಯ್ತು ಬಿಡು" ಅನ್ನೋ ಮಾತಿನ ಮೇಲೆ ನಮ್ಮವರ ಅರ್ಧ ಪ್ರವಾಸಗಳು ನಿಂತಿವೆ. ಗೋಕರ್ಣದಲ್ಲಿ ಅದು ನಡೆಯುತ್ತೆ. ಓಂ ಬೀಚಿನಲ್ಲಿ ರೂಮಿಲ್ಲ ಅಂದರೆ ಊರೊಳಗೆ ಯಾರದ್ದೋ ಮನೆಯ ಮಹಡಿ ಇರುತ್ತದೆ. ಅದೂ ಇಲ್ಲದಿದ್ದರೆ ಕುಮಟಾ, ಇಲ್ಲವೇ ಅಂಕೋಲಾ. ಕೈಯಲ್ಲಿ ಗಾಡಿ ಇದ್ದರೆ ರಾತ್ರಿ ಹನ್ನೊಂದಕ್ಕೂ ಎಲ್ಲೋ ಒಂದು ಕಡೆ ಮಲಗಬಹುದು. ಇದೇ ಧೈರ್ಯದಲ್ಲಿ ಡಿಸೆಂಬರ್ ಕೊನೆಯ ವಾರ ಅಂಡಮಾನಿನ ಹ್ಯಾವ್‌ಲಾಕ್‌ಗೆ ಹೊರಡುವವರನ್ನು ಕಂಡರೆ ಮಾತ್ರ ನನಗೆ ಭಯ.

ಹ್ಯಾವ್‌ಲಾಕ್, ಅಂದರೆ 2018ರಿಂದ ಸ್ವರಾಜ್ ದ್ವೀಪ. ಅಲ್ಲಿ ಕುಮಟಾ ಇಲ್ಲ, ಅಂಕೋಲಾ ಇಲ್ಲ. ಪಕ್ಕದ ಊರಿಗೆ ಹೋಗಬೇಕಾದರೆ ಬೋಟು ಬೇಕು. ಪೋರ್ಟ್ ಬ್ಲೇರ್‌ಗೆ (ಅದರ ಹೆಸರೂ 2024ರಲ್ಲಿ ಶ್ರೀ ವಿಜಯಪುರಂ ಆಯಿತು) ವಾಪಸ್ ಹೋಗುವ ಕೊನೆಯ ಬೋಟು ಕತ್ತಲಾಗುವ ಮೊದಲೇ ಹೊರಟುಬಿಡುತ್ತದೆ. ಕತ್ತಲಾಗುವುದೂ ಬೇಗ. ಡಿಸೆಂಬರಿನಲ್ಲಿ ಅಲ್ಲಿ ಐದು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ. ನಾವು ಇಲ್ಲಿ ಸಂಜೆ ಕಾಫಿ ಕುಡಿಯುವ ಹೊತ್ತಿಗೆ ಅಲ್ಲಿ ನೀವು ಬ್ಯಾಗ್ ಹಿಡಿದು ಕತ್ತಲೆಯಲ್ಲಿ ನಿಂತಿರುತ್ತೀರಿ.

ಅದಕ್ಕೇ ನಾನು ಹೇಳೋದು, ಅಲ್ಲಿ ರೂಮು ಸಿಗದಿರುವುದು ಬರೀ ಹೋಟೆಲಿನ ಸಮಸ್ಯೆ ಅಲ್ಲ, ಬೋಟಿನ ಸಮಸ್ಯೆ. ವಾಪಸ್ ಟಿಕೆಟ್ ಕೈಯಲ್ಲಿದ್ದರೆ ರೂಮಿಲ್ಲದೆಯೂ ಹ್ಯಾವ್‌ಲಾಕ್ ನೋಡಬಹುದು. ಪೋರ್ಟ್ ಬ್ಲೇರ್‌ನಲ್ಲಿ ರೂಮು ಮಾಡಿ, ಬೆಳಿಗ್ಗೆ ಮೊದಲ ಬೋಟು ಹಿಡಿದರೆ ಸಾಕು. ಖಾಸಗಿ ಬೋಟು ಸುಮಾರು ಒಂದೂವರೆ ಗಂಟೆ. ಸರ್ಕಾರಿ ಬೋಟು ಅಗ್ಗ, ಆದರೆ ನಿಧಾನ. ರಾಧಾನಗರ ಬೀಚು ನೋಡಿ ಮಧ್ಯಾಹ್ನದ ಮೇಲೆ ವಾಪಸ್. ಸೂರ್ಯಾಸ್ತ ತಪ್ಪುತ್ತದೆ, ನಿಜ. 2004ರಲ್ಲಿ ಟೈಮ್ ಪತ್ರಿಕೆ ರಾಧಾನಗರವನ್ನು ಏಷ್ಯಾದ ಅತ್ಯುತ್ತಮ ಬೀಚ್ ಅಂತ ಹೊಗಳಿದ ಮೇಲೆ ಆ ಸೂರ್ಯಾಸ್ತಕ್ಕೆ ಜಾತ್ರೆಯೇ ಸೇರುತ್ತದೆ. ಮಧ್ಯಾಹ್ನದ ನೀರಿನ ಬಣ್ಣಕ್ಕೆ ಯಾವ ಕೊರತೆಯೂ ಇಲ್ಲ, ನನ್ನ ಮಾತು ನಂಬಿ.

ನಮಗೆ ಇದೆಲ್ಲ ಗೊತ್ತಿತ್ತು. ತಿಂಗಳುಗಳ ಮೊದಲೇ ರೂಮು ಬುಕ್ ಮಾಡಿ, ದುಡ್ಡು ಕಟ್ಟಿ, ಕನ್ಫರ್ಮೇಶನ್ ಪ್ರಿಂಟ್ ತೆಗೆದು ಅತ್ತೆಯ ಕೈಚೀಲದಲ್ಲಿ ಇಟ್ಟಿದ್ದೆವು. ದ್ವೀಪಕ್ಕೆ ಹೊರಡುವ ಹಿಂದಿನ ರಾತ್ರಿ ಫೋನ್ ಬಂತು. "ಸರ್, ಓವರ್‌ಬುಕಿಂಗ್ ಆಗಿದೆ, ನಿಮ್ಮ ಅಮೌಂಟ್ ರಿಫಂಡ್ ಮಾಡ್ತೀವಿ." ಅರ್ಧ ಗಂಟೆ ಬಿಟ್ಟು ಆ್ಯಪ್ ತೆಗೆದರೆ ಅದೇ ರೂಮು, ಅದೇ ಕಿಟಕಿಯ ಫೋಟೋ, ಬೆಲೆ ಮಾತ್ರ ದುಪ್ಪಟ್ಟು! ಹೋಟೆಲಿನ ಹೆಸರು ಬರೆಯಲ್ಲ. ಬರೆದರೆ ಕಾಮೆಂಟಿನಲ್ಲಿ ಅದೊಂದೇ ಚರ್ಚೆ ಆಗುತ್ತದೆ.

ಸೀಸನ್ನಿನಲ್ಲಿ ಬಾಡಿಗೆ ಏರಿಸೋದು ನನಗೆ ತಪ್ಪು ಅನಿಸಲ್ಲ. ಅಲ್ಲಿಗೆ ಡೀಸೆಲ್, ಸಿಮೆಂಟು, ಬೇಳೆ ಎಲ್ಲ ಹಡಗಿನಲ್ಲೇ ಬರಬೇಕು. ಮೇ ಕೊನೆಗೆ ಮಳೆಗಾಲ ಶುರುವಾದರೆ ಬೋಟುಗಳು ಆಗಾಗ ರದ್ದಾಗುತ್ತವೆ, ರೂಮುಗಳು ಖಾಲಿ ಹೊಡೆಯುತ್ತವೆ. ಈ ಕೆಲವೇ ತಿಂಗಳ ದುಡಿಮೆಯಲ್ಲಿ ಅವರ ವರ್ಷ ಕಳೆಯಬೇಕು. ಮೂರು ಪಟ್ಟು ಕೇಳಲಿ, ಇಷ್ಟ ಇದ್ದವರು ಕೊಡುತ್ತಾರೆ. ಆದರೆ ಕೊಟ್ಟ ಮಾತಿಗೆ ತಪ್ಪೋದು ಬೇರೆ ವಿಷಯ. ಮೈಸೂರಿನಲ್ಲಿ ಹೋಟೆಲಿನವನು ಕೈಕೊಟ್ಟರೆ ಎದುರಿನ ಲಾಡ್ಜಿಗೆ ಹೋಗಬಹುದು. ದ್ವೀಪದಲ್ಲಿ ಕೈಕೊಟ್ಟರೆ ಸಮುದ್ರ ದಾಟಿ ಬಂದವರನ್ನು ಬೀದಿಗೆ ಬಿಟ್ಟ ಹಾಗೆ, ಅಲ್ವಾ?

ಬೋಟಿನ ಟಿಕೆಟ್ ಇತ್ತಲ್ಲ, ಹೋದೆವು. ಬೆಳಗಿನ ಬೋಟಿನಲ್ಲಿ ಹೋದದ್ದು ಒಳ್ಳೆಯದೇ ಆಯಿತು. ಯಾಕಂದರೆ ಅಲ್ಲಿ ಜನ ರೂಮು ಬಿಟ್ಟು ಹೊರಡೋದೂ ಬೋಟಿನ ಟೈಮಿಗೇ. ಜೆಟ್ಟಿಯ ಹತ್ತಿರ ಸಿಕ್ಕ ಆಟೋ ದಾದಾ (ಅಂದರೆ ಅಣ್ಣ) ಬಂಗಾಳಿ. ಐವತ್ತರ ದಶಕದಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರನ್ನು ಈ ದ್ವೀಪದಲ್ಲಿ ನೆಲೆಗೊಳಿಸಿದ್ದರು, ಈಗಿರುವುದು ಹೆಚ್ಚಾಗಿ ಅವರ ಮಕ್ಕಳು, ಮೊಮ್ಮಕ್ಕಳು. ಗೋವಿಂದನಗರ, ವಿಜಯನಗರದ ಕಡೆ ಬೀಚಿನ ಸಾಲಿನಲ್ಲಿ ಕೇಳಿದ ಕಡೆಯೆಲ್ಲ "ಫುಲ್". ದಾದಾ ಗಾಡಿ ತಿರುಗಿಸಿ ಒಳಗಿನ ದಾರಿ ಹಿಡಿದ. "ಅಲ್ಲಿ ಎಸಿ ಇಲ್ಲ, ಪರವಾಗಿಲ್ವಾ?" ಅಂದ. ಅವನ ಅತ್ತಿಗೆಯ ಮನೆಯಂತೆ.

ತಗಡಿನ ಮಾಡು, ಸೊಳ್ಳೆಪರದೆ, ಬಚ್ಚಲಲ್ಲಿ ನೀಲಿ ಡ್ರಮ್ಮು. ನೀರು ಹಿಡಿದು ಬಳಸಿ ಅಂತ ಆ ದೀದಿ ಮೊದಲೇ ಹೇಳಿದರು. ಅಂಗಳದ ತುಂಬ ಅಡಿಕೆ ಒಣಗಲು ಹಾಕಿದ್ದರು. ಶಿರಸಿಯವರಾದ ನನ್ನ ಅತ್ತೆಗೆ ಅಲ್ಲಿಯವರೆಗೆ ಮುಖದಲ್ಲಿ ಕಳೆ ಇರಲಿಲ್ಲ. ಬ್ಯಾಗು ಕೆಳಗಿಟ್ಟವರೇ ಒಂದು ಅಡಿಕೆ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಣಗಿದ್ದರೆ ಒಳಗೆ ಗಡಗಡ ಅನ್ನಬೇಕು. "ಇನ್ನೂ ಬಿಸಿಲು ಬೇಕು" ಅಂದರು ಕನ್ನಡದಲ್ಲೇ. ದೀದಿ ತಾವೂ ಒಂದು ಎತ್ತಿ ಅಲ್ಲಾಡಿಸಿ, ಬಂಗಾಳಿಯಲ್ಲಿ ಏನೋ ಹೇಳಿ ತಲೆಯಾಡಿಸಿದರು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಸಂಜೆವರೆಗೂ ಏನು ಮಾತಾಡಿದರೋ, ಯಾವ ಭಾಷೆಯಲ್ಲಿ ಮಾತಾಡಿದರೋ ನಾ ಕಾಣೆ.

ಹಾಗಂತ ಎಲ್ಲರಿಗೂ ಇಂಥ ಆಟೋ ದಾದಾ ಸಿಗುತ್ತಾನೆ ಅಂತ ಹೊರಡಬೇಡಿ. ತೀರಾ ಕೊನೆ ಗಳಿಗೆ ಆಗಿದ್ದರೆ ಆ್ಯಪಿನಲ್ಲಿ 'ಸೋಲ್ಡ್ ಔಟ್' ನೋಡಿ ಕೈಚೆಲ್ಲದೆ ಹೋಟೆಲಿಗೇ ನೇರವಾಗಿ ಫೋನ್ ಮಾಡಿ. ಟೂರ್ ಪ್ಯಾಕೇಜಿನವರು ರೂಮುಗಳನ್ನು ಮೊದಲೇ ಬ್ಲಾಕ್ ಮಾಡಿಟ್ಟಿರುತ್ತಾರೆ. ಗಿರಾಕಿ ಬರದಿದ್ದರೆ ಕೊನೆಯಲ್ಲಿ ಬಿಟ್ಟುಕೊಡುತ್ತಾರೆ. ಪೋರ್ಟ್ ಬ್ಲೇರ್‌ಗೆ ವಿಮಾನ ರದ್ದಾದ ದಿನವೂ ರೂಮುಗಳು ಖಾಲಿ ಉಳಿಯುತ್ತವೆ. ಹತ್ತಿರದ ನೀಲ್ ದ್ವೀಪದಲ್ಲೂ ರೂಮು ಕೇಳಿ ನೋಡಿ. ವಾಪಸ್ ವಿಮಾನಕ್ಕೂ ದ್ವೀಪದ ಕೊನೆಯ ರಾತ್ರಿಗೂ ಮಧ್ಯೆ ಒಂದು ದಿನ ಬಿಡಿ. 2016ರ ಡಿಸೆಂಬರ್ ಮೊದಲ ವಾರ ಬಿರುಗಾಳಿಗೆ ಬೋಟು ನಿಂತು ಹ್ಯಾವ್‌ಲಾಕ್, ನೀಲ್‌ನಲ್ಲಿ ಸಾವಿರಕ್ಕೂ ಜಾಸ್ತಿ ಪ್ರವಾಸಿಗರು ಸಿಕ್ಕಿಹಾಕಿಕೊಂಡಿದ್ದರು. ನೌಕಾಪಡೆಯ ಹಡಗುಗಳು ಹೋಗಬೇಕಾಯಿತು.

ಇನ್ನಷ್ಟು ರೆಸಾರ್ಟ್ ಕಟ್ಟಿದರೆ ಸರಿಹೋಗುತ್ತೆ ಅನ್ನುವವರಿದ್ದಾರೆ. ಆ ನೀಲಿ ಡ್ರಮ್ಮು ನೋಡಿದ ಮೇಲೆ ನನಗೆ ಹಾಗನಿಸಲ್ಲ. ಕುಡಿಯುವ ನೀರಿಗೇ ಲೆಕ್ಕ ಇರುವ ಜಾಗದಲ್ಲಿ ಈಜುಕೊಳ ಯಾಕೆ, ಸುತ್ತಲೂ ಸಮುದ್ರ ಇರುವಾಗ? ಇರುವ ರೂಮುಗಳ ಲೆಕ್ಕ ಜನರಿಗೆ ಸಿಗಲಿ. 2020ರಲ್ಲಿ ಚೆನ್ನೈನಿಂದ ಸಮುದ್ರದಡಿ ಕೇಬಲ್ ಬಂತು, ಸ್ವರಾಜ್ ದ್ವೀಪಕ್ಕೂ ತಲುಪಿತು. ನೆಟ್ ಇಲ್ಲ ಅನ್ನೋ ನೆಪ ಮೊದಲಿನಷ್ಟು ನಡೆಯಲ್ಲ. ಪೋರ್ಟ್ ಬ್ಲೇರ್‌ನ ಫೀನಿಕ್ಸ್ ಬೇ ಜೆಟ್ಟಿಯಲ್ಲಿ, ಬೋಟು ಹತ್ತುವ ಮೊದಲೇ ಕಾಣುವ ಹಾಗೆ, 'ಇವತ್ತು ದ್ವೀಪದಲ್ಲಿ ಇಷ್ಟು ರೂಮು ಖಾಲಿ' ಅಂತ ಒಂದು ಬೋರ್ಡು ಹಾಕಬಹುದು. ಕನ್ಫರ್ಮ್ ಮಾಡಿ ಕೈಕೊಟ್ಟ ಹೋಟೆಲಿನವರೇ ಬೇರೆ ರೂಮು ಹುಡುಕಿಕೊಡಬೇಕು ಅಂತ ನಿಯಮ ಮಾಡಬಹುದು. ಹುಡುಕಿಕೊಡುವ ಕಷ್ಟ ಅವರ ಮೇಲೆ ಬಿದ್ದ ದಿನ ಓವರ್‌ಬುಕಿಂಗ್ ತಾನಾಗಿ ಕಡಿಮೆಯಾಗುತ್ತೆ.

ಆ ದೀದಿಯ ನಂಬರ್ ಯಾರೂ ಇನ್‌ಬಾಕ್ಸಿನಲ್ಲಿ ಕೇಳಬೇಡಿ. ಅವರದ್ದು ಹೋಂಸ್ಟೇ ಅಲ್ಲ. ಆ ರಾತ್ರಿ ಮಕ್ಕಳನ್ನು ಅಡುಗೆಮನೆಯಲ್ಲಿ ಮಲಗಿಸಿ ನಮಗೆ ಕೋಣೆ ಬಿಟ್ಟುಕೊಟ್ಟಿದ್ದರು ಅಂತ ನಮಗೆ ಗೊತ್ತಾಗಿದ್ದೇ ಬೆಳಿಗ್ಗೆ.