ಸತ್ಯಾಂಶ: ಮ್ಯಾಕ್ ವಿಳಾಸ ಬ್ಲಾಕ್ ಮಾಡಿದರೆ ಸಾಕೇ?

"ರೌಟರ್‌ನಲ್ಲಿ ಮ್ಯಾಕ್ ವಿಳಾಸ ಬ್ಲಾಕ್ ಮಾಡಿ, ಆ ಫೋನ್ ಮತ್ತೆಂದೂ ನಿಮ್ಮ ವೈಫೈಗೆ ಸೇರದು" ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಮ್ಯಾಕ್ ವಿಳಾಸವೆಂದರೆ ವೈಫೈನಲ್ಲಿ ಪ್ರತಿ ಸಾಧನವನ್ನು ಗುರುತಿಸುವ ಅಂಕಿ-ಅಕ್ಷರಗಳ ಸಾಲು. ಈ ಸಂದೇಶ ನಂಬಿ ನಿಶ್ಚಿಂತರಾಗಬೇಡಿ. 2019ರ ಆಂಡ್ರಾಯ್ಡ್ 10, 2020ರ ಐಒಎಸ್ 14 ಬಂದಮೇಲೆ ಫೋನ್‌ಗಳು ಒಂದೊಂದು ವೈಫೈಗೂ ಒಂದೊಂದು ಕೃತಕ ವಿಳಾಸ ತೋರಿಸುತ್ತವೆ. ಸೆಟ್ಟಿಂಗ್ಸ್‌ನಲ್ಲಿ ಒಂದು ಆಯ್ಕೆ ಬದಲಿಸಿದರೆ ವಿಳಾಸವೂ ಬದಲು. ನಿಮ್ಮ ತಡೆ ಅಲ್ಲಿಗೆ ಮುಗಿಯಿತು.

ರೌಟರ್‌ನಲ್ಲಿ ಸೇರಿರುವ ಸಾಧನಗಳ ಪಟ್ಟಿಯನ್ನು ಒಮ್ಮೆ ನೋಡಿ. ವಿಳಾಸದ ಎರಡನೇ ಅಕ್ಷರ 2, 6, ಎ (A) ಅಥವಾ ಇ (E) ಆಗಿದ್ದರೆ ಅದು ಬಹುತೇಕ ಕೃತಕವೇ. ಅನುಮತಿ ಪಟ್ಟಿ (ಅದರಲ್ಲಿರುವ ವಿಳಾಸಗಳಿಗೆ ಮಾತ್ರ ವೈಫೈ) ಹಾಕಿಕೊಂಡ ಮನೆಯಲ್ಲಿ ಅಮ್ಮನ ಹೊಸ ಫೋನೇ ಹೊರಗುಳಿಯುವುದೂ ಹೀಗೆಯೇ. ಆ ಫೋನ್‌ನಲ್ಲಿ ಮನೆಯ ವೈಫೈಗೆ ಮಾತ್ರ ಕೃತಕ ವಿಳಾಸ ಆಫ್ ಮಾಡಿ, ನಿಜವಾದ ವಿಳಾಸವನ್ನು ಪಟ್ಟಿಗೆ ಸೇರಿಸಿ.

ಬೇಡದವರನ್ನು ಹೊರಗಿಡಲು ಪಾಸ್‌ವರ್ಡ್ ಬದಲಿಸಿ, ಡಬ್ಲ್ಯೂಪಿಎಸ್ (ಪಾಸ್‌ವರ್ಡ್ ಬದಲು ಗುಂಡಿ ಒತ್ತಿ ಅಥವಾ ಪಿನ್ ಹಾಕಿ ವೈಫೈ ಸೇರುವ ಸೌಲಭ್ಯ) ಆಫ್ ಮಾಡಿ.