ವಾಘಾ ನೋಡಿದಿರಿ, ಸರಿ. ಅಮೃತಸರ ಯಾವಾಗ ನೋಡ್ತೀರಿ?

ನಮ್ಮ ಅಪಾರ್ಟ್‌ಮೆಂಟಿನವರೊಬ್ಬರು ಪ್ಯಾಕೇಜ್ ಟೂರಿನಲ್ಲಿ ಉತ್ತರ ಭಾರತ ಸುತ್ತಿ ನಿನ್ನೆ ವಾಪಸ್ ಬಂದರು. ಒಳ್ಳೆ ಮನುಷ್ಯ. ನಾನು ಅಲ್ಲಿದ್ದವನು ಅಂತ ನೆನಪಿಟ್ಟುಕೊಂಡು ಅಮೃತಸರದ ಪಾಪಡ್ ಬೇರೆ ತಂದುಕೊಟ್ಟರು. ಊರು ಹೇಗಿತ್ತು ಸಾರ್ ಅಂದೆ. "ವಾಘಾ ಸೂಪರ್ ಸಾರ್! ಮೈ ಜುಮ್ ಅಂತು. ಅದೊಂದು, ಗೋಲ್ಡನ್ ಟೆಂಪಲ್ ಒಂದು. ಅದು ಬಿಟ್ರೆ ಆ ಊರಲ್ಲಿ ಏನಿದೆ ಹೇಳಿ? ಬರೀ ಧೂಳು, ಟ್ರಾಫಿಕ್ಕು" ಅಂದರು. ಆಮೇಲೆ ಮೊಬೈಲ್ ತೆಗೆದು ಒಂದರ ಮೇಲೊಂದು ವಿಡಿಯೋ ತೋರಿಸಿದರು. ಎಲ್ಲದರಲ್ಲೂ ಸಂಜೆ ಗಡಿಯಲ್ಲಿ ಬಾವುಟ ಇಳಿಸುವಾಗ ಕವಾಯತು ಮಾಡುವ ಯೋಧರ ಕಾಲು. ತಲೆಗಿಂತ ಮೇಲೆ ಹೋದ ಕಾಲು.

ಪಾಪಡ್ ಇಸ್ಕೊಂಡು ಸುಮ್ನೆ ಮನೆಗೆ ಬಂದೆ. ಕೊಟ್ಟವರ ಹತ್ತಿರ ಜಗಳ ಆಡೋಕೆ ಆಗುತ್ತಾ? ಅದಕ್ಕೇ ಇಲ್ಲಿ ಕಾರ್ತಿದ್ದೇನೆ, ಸಹಿಸಿಕೊಳ್ಳಿ.

ಬ್ಯಾಂಕಿನವರು ನನ್ನನ್ನು ಅಮೃತಸರಕ್ಕೆ ಎತ್ತಿ ಹಾಕಿದಾಗ ನಾನು ಎಷ್ಟು ಗೋಳಾಡಿದ್ದೆ ಅಂತ ಇಲ್ಲಿನ ಹಳಬರಿಗೆಲ್ಲ ಗೊತ್ತು. ವಾಪಸ್ ಬರುವಾಗ ಅದಕ್ಕಿಂತ ಜಾಸ್ತಿ ಗೋಳಾಡಿದ್ದು ನನ್ನ ಹೆಂಡತಿಗೆ ಮಾತ್ರ ಗೊತ್ತು.

ಮೊದಲನೇ ವಿಷಯ. ನೀವು ನೋಡಿದ್ದು ವಾಘಾ ಅಲ್ಲವೇ ಅಲ್ಲ. ಆ ಊರು ಇರುವುದು ಪಾಕಿಸ್ತಾನದಲ್ಲಿ. ನಮ್ಮ ಕಡೆಯದು ಅಟ್ಟಾರಿ. ಅಮೃತಸರದಿಂದ ಮೂವತ್ತು ಕಿಲೋಮೀಟರಿನ ಒಳಗೆ. ಕೂತು ಬಂದ ಊರಿನ ಹೆಸರೇ ಗೊತ್ತಿಲ್ಲ, ಆದರೆ ಮೈ ಜುಮ್ ಅಂದಿದೆ. ಇರಲಿ ಬಿಡಿ.

ನನ್ನ ತಕರಾರು ಇಷ್ಟೇ. ಗಡಿ ನೋಡಬೇಕು ಅಂತ ಅಷ್ಟು ದೂರ ಹೋಗುತ್ತೀರಿ. ಗಡಿ ಬಂದು ಏನು ಮಾಡಿತು ಅಂತ ನೋಡಬೇಕಾದ ಊರನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುತ್ತೀರಿ.

ಅಮೃತಸರ ಗಡಿಯ ಊರಾಗಿ ಹುಟ್ಟಿದ್ದಲ್ಲ. 1577ರಲ್ಲಿ ಗುರು ರಾಮದಾಸರು ಕೆರೆ ತೋಡಿಸಿ, ಬೇರೆ ಬೇರೆ ಕಸುಬಿನವರನ್ನು ಕರೆಸಿ ಅಂಗಡಿ ಹಾಕಿಸಿ ಕಟ್ಟಿದ ಊರು. ಅಂದರೆ ಗುಡಿಯ ಜೊತೆಗೇ ಪೇಟೆ. ದಿಲ್ಲಿಯಿಂದ ಲಾಹೋರ್, ಪೇಶಾವರ ದಾಟಿ ಕಾಬೂಲಿಗೆ ಹೋಗುವ ಹೆದ್ದಾರಿಯ ನಟ್ಟನಡುವೆ ಕೂತು ನೂರಾರು ವರ್ಷ ವ್ಯಾಪಾರ ಮಾಡಿತು. ಕಾಶ್ಮೀರದಲ್ಲಿ ಬರ ಬಿದ್ದಾಗ ಅಲ್ಲಿನ ಶಾಲು ನೇಯುವವರು ಇಲ್ಲಿಗೆ ಬಂದು ಮಗ್ಗ ಹೂಡಿದರು. ಲಾಹೋರಿಗೂ ಅಮೃತಸರಕ್ಕೂ 1862ರಲ್ಲೇ ರೈಲು ಬಂದಿತ್ತು. ಎರಡು ಊರಿಗೂ ನಡುವೆ ಇರುವುದು ಬರೀ 50 ಕಿಲೋಮೀಟರ್. ಬೆಂಗಳೂರಿಂದ ರಾಮನಗರಕ್ಕೆ ಹೋದ ಹಾಗೆ. ಬೆಳಗ್ಗೆ ಹೋಗಿ, ಮದುವೆ ಉಂಡು, ಸಂಜೆ ಮನೆಗೆ ಬರಬಹುದಾದ ದೂರ.

1947ರ ಆಗಸ್ಟ್ 15ಕ್ಕೆ ಸ್ವಾತಂತ್ರ್ಯ ಬಂತು. ಗೆರೆ ಎಲ್ಲಿ ಬಿತ್ತು ಅಂತ ಜನಕ್ಕೆ ಹೇಳಿದ್ದು 17ಕ್ಕೆ! ಅದಕ್ಕೂ ಮುಂಚೆ ಅಮೃತಸರದಲ್ಲಿ ಹತ್ತಿರ ಹತ್ತಿರ ಅರ್ಧ ಜನ ಮುಸ್ಲಿಮರು. ಅವರಲ್ಲಿ ನೇಕಾರರು, ಕುಶಲಕರ್ಮಿಗಳು ಬಹಳ. ಕೆಲವೇ ವಾರಗಳಲ್ಲಿ ಬಹುಪಾಲು ಎಲ್ಲರೂ ಹೋದರು, ಇಲ್ಲಾ ಸತ್ತರು. ಆ ಕಡೆಯಿಂದ ಹಿಂದೂಗಳು, ಸಿಖ್ಖರು ಬಂದು ಅದೇ ಓಣಿಗಳಲ್ಲಿ, ಅದೇ ಮನೆಗಳಲ್ಲಿ ಇಳಿದರು. ಹಳೇ ಬಜಾರಿನ ಎಷ್ಟೋ ಭಾಗ ಸುಟ್ಟುಹೋಯಿತು. ಹೆದ್ದಾರಿಯ ಮಧ್ಯ ಇದ್ದ ಪೇಟೆ ಒಂದೇ ಸಲಕ್ಕೆ ರಸ್ತೆಯ ಕೊನೆಯ ಊರಾಯಿತು. ಗಡಿ ಪಕ್ಕದಲ್ಲಿ ದೊಡ್ಡ ಕಾರ್ಖಾನೆ ಹಾಕೋಕೆ ದುಡ್ಡಿದ್ದವರು ಇವತ್ತಿಗೂ ಹಿಂದೆಮುಂದೆ ನೋಡುತ್ತಾರೆ. ನಮ್ಮಲ್ಲಿಗೆ ಸಾಲಕ್ಕೆ ಬರುತ್ತಿದ್ದ ವ್ಯಾಪಾರಿಗಳ ಬಾಯಲ್ಲಿ ದಿನಾ ಇದೇ ಮಾತು.

ಮಹಮ್ಮದ್ ರಫಿ ಹುಟ್ಟಿದ್ದು ಇದೇ ಅಮೃತಸರ ಜಿಲ್ಲೆಯ ಕೋಟ್ಲಾ ಸುಲ್ತಾನ್ ಸಿಂಗ್ ಅನ್ನುವ ಹಳ್ಳಿಯಲ್ಲಿ. ಕನ್ನಡದಲ್ಲೂ ಹಾಡಿದ ಮಹಾನುಭಾವ. ನಿಮ್ಮ ಟೂರ್ ಮ್ಯಾನೇಜರ್ ಹೇಳಿದನಾ? ಅವನು ಲಸ್ಸಿ ಅಂಗಡಿ ತೋರಿಸುವ ಅವಸರದಲ್ಲಿದ್ದ.

ಸ್ವರ್ಣ ಮಂದಿರದಿಂದ ಐದು-ಹತ್ತು ನಿಮಿಷ ನಡೆದರೆ ಹಳೇ ಟೌನ್ ಹಾಲ್. ಅಲ್ಲಿ 2017ರಿಂದ ದೇಶ ವಿಭಜನೆಯ ಮ್ಯೂಸಿಯಂ ಇದೆ. ಒಳಗೆ ಒಂದು ಫುಲ್ಕಾರಿ ಕಸೂತಿಯ ಕೋಟು, ಒಂದು ಚರ್ಮದ ಬ್ರೀಫ್‌ಕೇಸು ಇಟ್ಟಿದ್ದಾರೆ. ಕೋಟು ಹುಡುಗಿಯದು, ಬ್ರೀಫ್‌ಕೇಸು ಹುಡುಗನದು. ಮದುವೆ ಮಾತಾಗಿತ್ತು, ಅಷ್ಟರಲ್ಲಿ ಗಲಭೆ. ಇಬ್ಬರೂ ಬೇರೆ ಬೇರೆಯಾಗಿ ಓಡಿ ಬಂದರು. ಒಬ್ಬರಿಗೊಬ್ಬರು ಬದುಕಿದ್ದಾರೋ ಇಲ್ಲವೋ ಅಂತಲೂ ಗೊತ್ತಿಲ್ಲ. ಅಮೃತಸರದ ನಿರಾಶ್ರಿತರ ಶಿಬಿರದಲ್ಲಿ ಊಟದ ಸಾಲಿನಲ್ಲಿ ನಿಂತಿದ್ದಾಗ ಸಿಕ್ಕಿದರು. 1948ರಲ್ಲಿ ಮದುವೆ ಆಯಿತು. ಆ ಗಾಜಿನ ಮುಂದೆ ನಿಂತು ನಾನು ಅತ್ತಿದ್ದೇನೆ. ಪಕ್ಕದಲ್ಲಿದ್ದ ಸರ್ದಾರ್‌ಜಿ ಒಂದು ಮಾತೂ ಆಡದೆ ಕರ್ಚೀಫ್ ಕೊಟ್ಟರು. ಅವರದ್ದೂ ಒದ್ದೆ ಆಗಿತ್ತು, ಅದು ಬೇರೆ.

ಜಲಿಯನ್‌ವಾಲಾ ಬಾಗ್ ಕಥೆಯೂ ಇದೇ. 1919ರ ಏಪ್ರಿಲ್ 13, 1650 ಗುಂಡು, ಸರ್ಕಾರಿ ಲೆಕ್ಕದಲ್ಲೇ 379 ಸಾವು. ಇದನ್ನೆಲ್ಲ ಸ್ಕೂಲಿನಲ್ಲಿ ಓದಿದ್ದೇವೆ. ನಮ್ಮ ಪ್ಯಾಕೇಜಿನಲ್ಲಿ ಅದಕ್ಕೆ ಕೊಡುವುದು ಇಪ್ಪತ್ತು ನಿಮಿಷ, ಅದರಲ್ಲಿ ಹತ್ತು ನಿಮಿಷ ಗುಂಡಿನ ಗುರುತಿನ ಪಕ್ಕ ನಿಂತು ಸೆಲ್ಫಿ. ಆ ಇಕ್ಕಟ್ಟಾದ ಓಣಿಯಲ್ಲಿ ಕಾಲಿಟ್ಟರೆ ಉಸಿರು ಕಟ್ಟಬೇಕು. 2021ರಲ್ಲಿ ಅದನ್ನೂ 'ಚಂದ' ಮಾಡಿಬಿಟ್ಟರು. ಗೋಡೆ ತುಂಬ ನಗುವ ಮುಖದ ಗೊಂಬೆಗಳು. ಅದರ ಬಗ್ಗೆ ಶುರು ಮಾಡಿದರೆ ನನ್ನ ಬಿಪಿ ಏರುತ್ತದೆ, ಬೇಡ.

ಈಗ ಕಾಮೆಂಟಿಗೆ ಒಬ್ಬರು ಬರುತ್ತಾರೆ, ಗೊತ್ತು ನನಗೆ. "ಯೋಧರಿಗೆ ಗೌರವ ಕೊಡೋದು ತಪ್ಪಾ ಸಾರ್?" ತಪ್ಪಲ್ಲ ಮಾರಾಯ್ರೇ. ನಾನೂ ಆ ಗ್ಯಾಲರಿಯಲ್ಲಿ ಕೂತು ಗಂಟಲು ಹರಿಯುವ ಹಾಗೆ ಕೂಗಿದ್ದೇನೆ. ಎರಡೂ ಬಾವುಟ ಒಟ್ಟಿಗೆ ಇಳಿಯುವಾಗ ನನಗೂ ಮೈ ನವಿರೆದ್ದಿದೆ. ಆದರೆ 1959ರಿಂದ ನಡೆಯುತ್ತಿರುವ ಆ ಕವಾಯತು ಮುಗಿದ ಮೇಲೆ ನಾವು ಬಸ್ ಹತ್ತುತ್ತೇವೆ. ಗಡಿ ಕಾಯುವ ಬಿಎಸ್‌ಎಫ್ ಹುಡುಗರು ಜನವರಿಯ ಮಂಜಿನಲ್ಲಿ, ಎದುರಿಗೆ ನಿಂತವನೂ ಕಾಣದ ರಾತ್ರಿಯಲ್ಲಿ ಬೇಲಿ ಪಕ್ಕ ನಿಲ್ಲುತ್ತಾರೆ. ಅದಕ್ಕೆ ಗ್ಯಾಲರಿ ಇಲ್ಲ, ಡಿಜೆ ಇಲ್ಲ. ಗೌರವ ಅಂದರೆ ಬರೀ ಪಾಪ್‌ಕಾರ್ನ್ ತಿಂದು ಕೂಗುವುದು ಅಂತಾದರೆ ಕ್ರಿಕೆಟ್ ಸ್ಟೇಡಿಯಂ ಇನ್ನೂ ಹತ್ತಿರ ಇದೆ, ಅಲ್ವಾ?

ಬೇಲಿ ಅಂದೆನಲ್ಲ. ಮುಳ್ಳುತಂತಿ ಬೇಲಿ ಇರುವುದು ಗಡಿ ಗೆರೆಯ ಮೇಲಲ್ಲ, ನಮ್ಮ ಕಡೆಗೆ ಒಂದಿಷ್ಟು ಒಳಗೆ. ಹಾಗಾಗಿ ಎಷ್ಟೋ ರೈತರ ಜಮೀನು ಬೇಲಿಯ ಆಚೆ ಇದೆ. ಬೆಳೆ ಸಾಲಕ್ಕೆ ಬಂದ ಅಂಥ ರೈತರೊಬ್ಬರಿಗೆ ನಾಳೆ ಬೆಳಗ್ಗೆ ಬಂದು ಸಹಿ ಹಾಕಿ ಅಂದಿದ್ದೆ. ಅವರು ನಕ್ಕು, "ನಿಮ್ಮ ಬ್ಯಾಂಕಿಗೆ ಟೈಮಿಂಗ್ ಇರೋ ಹಾಗೆ ನನ್ನ ಗದ್ದೆಗೂ ಟೈಮಿಂಗ್ ಇದೆ ಸಾಬ್. ಎರಡೂ ಒಂದೇ ಟೈಮು" ಅಂದರು. ಗೇಟ್ ತೆಗೆದಾಗ ಕಾರ್ಡ್ ತೋರಿಸಿ ಒಳಗೆ ಹೋಗಬೇಕು. ಟ್ರ್ಯಾಕ್ಟರ್ ತಪಾಸಣೆ ಆಗಬೇಕು. ಗೇಟ್ ಹಾಕುವ ಮೊದಲು ವಾಪಸ್ ಬರಬೇಕು. ಕಬ್ಬಿನಂಥ ಎತ್ತರದ ಬೆಳೆ ಹಾಕುವಂತಿಲ್ಲ, ಆಚೆಯವರು ಬಚ್ಚಿಟ್ಟುಕೊಂಡರೆ? ಸ್ವಂತ ಹೊಲಕ್ಕೆ ಹೋಗೋಕೆ ಹೀಗೆ. ಕವಾಯತು ನೋಡುವ ಗ್ಯಾಲರಿಯಿಂದ ಇದು ಕಾಣುವುದಿಲ್ಲ.

ಅಟ್ಟಾರಿಯ ಕೂಲಿಗಳದ್ದು ಇನ್ನೊಂದು ಕಥೆ. 2007ರವರೆಗೆ ಲಾರಿಗಳು ಗೆರೆ ದಾಟುತ್ತಿರಲಿಲ್ಲ. ನಮ್ಮ ಕೂಲಿ ಗೆರೆಯ ತನಕ ಹೊತ್ತು ತಂದ ಮೂಟೆಯನ್ನು ಅವರ ಕೂಲಿಯ ತಲೆಗೆ ದಾಟಿಸುತ್ತಿದ್ದ. 2012ರಲ್ಲಿ ದೊಡ್ಡ ಚೆಕ್‌ಪೋಸ್ಟ್ ಬಂತು. ಅಫ್ಘಾನಿಸ್ತಾನದ ಅಂಜೂರ, ದ್ರಾಕ್ಷಿ, ಪಾಕಿಸ್ತಾನದ ಸಿಮೆಂಟು, ಜಿಪ್ಸಂ, ಕಲ್ಲುಪ್ಪು ಬರುತ್ತಿತ್ತು. ಅಮೃತಸರದ ಮಜೀಠ್ ಮಂಡಿಯ ಒಣಹಣ್ಣಿನ ಅಂಗಡಿಗಳು ಘಮ ಘಮ ಅನ್ನುತ್ತಿದ್ದವು. 2019ರಲ್ಲಿ ಪುಲ್ವಾಮಾ ದಾಳಿ ಆದ ಮೇಲೆ ಪಾಕಿಸ್ತಾನದ ಮಾಲಿಗೆ 200 ಪರ್ಸೆಂಟ್ ಸುಂಕ ಬಿತ್ತು. ಅದೇ ವರ್ಷ ಆಗಸ್ಟಿನಲ್ಲಿ ವ್ಯಾಪಾರವೂ ನಿಂತಿತು, ಎರಡು ದೇಶಗಳ ನಡುವೆ 1976ರಿಂದ ಓಡುತ್ತಿದ್ದ ಸಮ್‌ಝೌತಾ ರೈಲೂ ನಿಂತಿತು. 2025ರ ಏಪ್ರಿಲಿನಲ್ಲಿ ಪಹಲ್ಗಾಮ್ ದಾಳಿ ಆದ ಮೇಲೆ ಚೆಕ್‌ಪೋಸ್ಟನ್ನೇ ಮುಚ್ಚಿದರು. ಅದನ್ನು ಮಾಡಬೇಕಿತ್ತೋ ಬೇಡವೋ ಅನ್ನುವುದು ಬೇರೆ ಚರ್ಚೆ, ಅದಕ್ಕೆ ಟಿವಿಯವರಿದ್ದಾರೆ. ಆದರೆ ಪ್ರತಿ ಸಲ ಗೇಟ್ ಬಿದ್ದಾಗ ಕೂಲಿಗೆ ಹೋಗುವವನ, ಢಾಬಾ ಇಟ್ಟವನ, ಲಾರಿ ಸಾಲ ಮಾಡಿದವನ ಒಲೆ ಏನಾಯಿತು ಅಂತ ಕೇಳಿದವರು ಎಷ್ಟು ಜನ? ಲಾರಿ ಸಾಲದ ಕಂತು ಕಟ್ಟಿ ಅಂತ ಅವರಿಗೆ ಫೋನ್ ಮಾಡುವ ಕೆಲಸ ನನ್ನದಾಗಿತ್ತು. ನನ್ನ ವೃತ್ತಿ ಜೀವನದಲ್ಲಿ ಅಷ್ಟು ಸಣ್ಣವನಾಗಿ ನಾನು ಯಾವತ್ತೂ ಮಾತಾಡಿಲ್ಲ.

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಸಂಘರ್ಷ ನಡೆದು ಅಮೃತಸರದಲ್ಲಿ ಬ್ಲ್ಯಾಕೌಟ್ ಆದಾಗ ಅಲ್ಲಿನ ನಮ್ಮ ಹಳೇ ಮನೆ ಓನರ್ ಅಜ್ಜಿಗೆ, ನಾವು ಬೀಜಿ ಅನ್ನುತ್ತಿದ್ದವರಿಗೆ, ಫೋನ್ ಮಾಡಿದೆ. ಹಿಂದೆ ಸೈರನ್ ಕೇಳುತ್ತಿತ್ತು. ನನ್ನ ಗಂಟಲು ಒಣಗಿತ್ತು. ಬೀಜಿ ಮಾತ್ರ ಆರಾಮ. 1965ರ ಯುದ್ಧದಲ್ಲಿ ಅಮೃತಸರದ ಪಕ್ಕದ ಛೆಹರ್ಟಾ ಮೇಲೆ ಬಾಂಬ್ ಬಿದ್ದಾಗ ಅವರು ಸಣ್ಣ ಹುಡುಗಿ. 71ರ ಯುದ್ಧವನ್ನೂ ನೋಡಿದ್ದಾರೆ. 84ರಲ್ಲಿ ಸ್ವರ್ಣ ಮಂದಿರದೊಳಗೆ ಸೇನೆ ನುಗ್ಗಿದ್ದನ್ನೂ ನೋಡಿದ್ದಾರೆ, ಅದರ ಬಗ್ಗೆ ಮಾತಾಡುವುದಿಲ್ಲ. "ಮೇಣದ ಬತ್ತಿ ಇದೆ, ಹಿಟ್ಟು ಇದೆ. ನೀನು ಊಟ ಮಾಡಿದೆಯಾ ಪುತ್ತರ್?" ಅಂದರು. ಅದೇ ಹೊತ್ತಿಗೆ ನಮ್ಮ ಬೆಂಗಳೂರಿನ ವಾಟ್ಸಾಪ್ ಗ್ರೂಪಿನಲ್ಲಿ ಲಾಹೋರ್ ಹಿಡಿದಾಗಿತ್ತು. ಸೋಫಾ ಮೇಲೆ ಕೂತು.

"ರಜೆ ಇರೋದೇ ಎರಡು ದಿನ, ಇದನ್ನೆಲ್ಲ ಎಲ್ಲಿ ನೋಡೋದು" ಅನ್ನಬೇಡಿ. ಒಳ್ಳೆ ಜಾಗ ಸಿಗಲಿ ಅಂತ ಮಧ್ಯಾಹ್ನದಿಂದ ಬಿಸಿಲಲ್ಲಿ ಕಾಯೋಕೆ ಟೈಮ್ ಇತ್ತಲ್ಲ? ಅಷ್ಟರಲ್ಲಿ ಟೌನ್ ಹಾಲ್ ನೋಡಿ, ಮಜೀಠ್ ಮಂಡಿಯಲ್ಲಿ ಒಂದು ಸುತ್ತು ಹಾಕಿ, ಹತ್ತಿರದ ಜಂಡಿಯಾಲಾ ಗುರು ಅನ್ನುವ ಊರಿಗೆ ಹೋಗಿ ಹಿತ್ತಾಳೆ ಪಾತ್ರೆ ಬಡಿಯುವ ಠಠೇರಾಗಳ ಕೆಲಸವನ್ನೂ ನೋಡಿ ಬರಬಹುದು. ಯುನೆಸ್ಕೋದವರು 2014ರಲ್ಲಿ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ನಮ್ಮ ಟೂರಿನವರ ಪಟ್ಟಿಗೆ ಇನ್ನೂ ಸೇರಿಲ್ಲ.

ಡಿಸೆಂಬರಿನಲ್ಲಿ ಹೋಗುವವರಿದ್ದರೆ ಇನ್‌ಬಾಕ್ಸಿಗೆ ಬನ್ನಿ. ಎಲ್ಲಿ ಉಳಿಯಬೇಕು, ಯಾವ ಓಣಿಯಲ್ಲಿ ಕುಲ್ಚಾ ತಿನ್ನಬೇಕು, ಎಲ್ಲಾ ಬರೆದು ಕಳಿಸುತ್ತೇನೆ. ಪರೇಡ್ ಎಷ್ಟು ಗಂಟೆಗೆ ಅಂತ ಮಾತ್ರ ನನ್ನನ್ನು ಕೇಳಬೇಡಿ.